ಕಾರಿಗೊಂದು ಪ್ಲಗ್ ಪಾಯಿಂಟ್

ಮನೆ ಬಾಡಿಗೆಗೆ ಕೊಡುವಾಗ ನಾವು ಎಷ್ಟೆಲ್ಲ ವಿಷಯ ಮಾತಾಡಿಕೊಳ್ಳುತ್ತೇವೆ! ಅಡ್ವಾನ್ಸ್ ಎಷ್ಟು, ನೀರು ಬಿಡುವುದು ಯಾವ ಹೊತ್ತಿಗೆ, ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಯಾರದು. ಆದರೆ ಕಾರಿಗೆ ಕರೆಂಟು ಎಲ್ಲಿಂದ ಎಂಬ ಪ್ರಶ್ನೆ ನಮ್ಮ ಕರಾರು ಪತ್ರದಲ್ಲಿ ಇರಲಿಲ್ಲ. ಬೊಮ್ಮನಹಳ್ಳಿಯಲ್ಲಿ ನಮ್ಮದು ಇಪ್ಪತ್ತು-ಮೂವತ್ತರ ಸೈಟು. ಕೆಳಗೆ ಒಂದು ಕಾರು ನಿಲ್ಲುವಷ್ಟು ಜಾಗ ಮತ್ತು ನಾವು, ಮೇಲೆ ಎರಡು ಬಾಡಿಗೆ ಸಂಸಾರಗಳು.

ಮೊದಲ ಮಹಡಿಯಲ್ಲಿರುವವರು ಹಾಸನದ ಕಡೆಯವರು. ಯಜಮಾನರಿಗೆ ಅತ್ತಿಬೆಲೆಯ ಕಾರ್ಖಾನೆಯಲ್ಲಿ ಕೆಲಸ, ಹೋಗಿ ಬರಲು ದಿನಕ್ಕೆ ಸುಮಾರು ಐವತ್ತು ಕಿಲೋಮೀಟರ್. ಒಂದು ದಿನ ಆಕೆ ಕೆಳಗಿಳಿದು ಬಂದು, "ಅಕ್ಕಾ, ಹಳೇ ಕಾರು ಕೊಟ್ಟು ಕರೆಂಟ್ ಕಾರು ತಗೊಳ್ಳೋಣ ಅಂತಿದ್ದೀವಿ. ಕೆಳಗಡೆ ಒಂದು ಪ್ಲಗ್ ಹಾಕಿಸಿಕೊಳ್ಳಬಹುದಾ?" ಎಂದು ಸಂಕೋಚದಿಂದ ಕೇಳಿದಳು.

ನಮ್ಮ ಮನೆಯಲ್ಲಿ ಇದು ಎರಡು ದಿನದ ಚರ್ಚೆಯಾಯಿತು. "2025ರ ಆಗಸ್ಟಿನಿಂದ ಮೆಟ್ರೊ ಓಡುತ್ತಿದೆಯಲ್ಲ, ಕಾರು ಯಾಕೆ?" ಎಂದರು ಪತಿ. ಮೆಟ್ರೊ ಬೊಮ್ಮಸಂದ್ರಕ್ಕೇ ನಿಲ್ಲುತ್ತದೆ. ರಾತ್ರಿ ಪಾಳಿ ಮುಗಿಸಿದವನಿಗೆ ಅತ್ತಿಬೆಲೆಯಿಂದ ಅಲ್ಲಿಯವರೆಗೆ ಬರುವುದೇ ಒಂದು ಪ್ರಯಾಣ. ಅತ್ತೆಯವರ ಚಿಂತೆ ಬೇರೆ. "ಆ ಕಾರು ಇರೋ ಕರೆಂಟನ್ನೆಲ್ಲ ಕುಡಿದುಬಿಟ್ಟರೆ ಬೆಳಿಗ್ಗೆ ನೀರಿನ ಮೋಟಾರು ಓಡುತ್ತಾ?" ಎಂದು ಅವರು ಕೇಳಿದ್ದನ್ನು ಕೇಳಿ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ನೀರಿಲ್ಲದ ಬೆಳಗು ಹೇಗಿರುತ್ತದೆಂದು ಮನೆಯ ಹೆಂಗಸರಿಗೇ ಗೊತ್ತು.

ಹೊಸದಾಗಿ ಕಾಣುವ ಈ ವಿಷಯ ನಮ್ಮ ರಸ್ತೆಗೆ ಹೊಸತೇನಲ್ಲ. ಇದೇ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ಚೇತನ್ ಮೈನಿಯವರ ಕಂಪೆನಿ ತಯಾರಿಸಿದ ರೇವಾ ಎಂಬ ಪುಟ್ಟ ಕಾರು 2001ರಲ್ಲೇ ಮಾರಾಟಕ್ಕೆ ಬಂದಿತ್ತು. ಅದನ್ನೂ ಮನೆಯ 15 ಆಂಪಿಯರ್ ಪ್ಲಗ್ಗಿಗೇ ಸಿಕ್ಕಿಸುತ್ತಿದ್ದರು. ಪೂರ್ತಿ ಚಾರ್ಜಿಗೆ ಸುಮಾರು ಎಂಟು ಗಂಟೆ, ಓಡುತ್ತಿದ್ದದ್ದು 80 ಕಿಲೋಮೀಟರ್. ಒಳಗೆ ನಮ್ಮ ಯುಪಿಎಸ್‌ನಲ್ಲಿರುವಂಥ ಸೀಸದ ಬ್ಯಾಟರಿಗಳು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪೆನಿ ಮಹೀಂದ್ರಾದವರ ಕೈಗೆ ಹೋಯಿತು. ಅಂದು ಅಂಥ ಕಾರು ಕೊಂಡವರಿಗೆ ಹೆಚ್ಚಾಗಿ ಸ್ವಂತ ಮನೆ, ಸ್ವಂತ ಗೇಟು ಇರುತ್ತಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಡಿಗೆ ಮನೆಯವರು ಇದನ್ನು ಕೊಳ್ಳತೊಡಗಿದ ಮೇಲೆಯೇ ಗೋಡೆ ಯಾರದು, ಮೀಟರು ಯಾರದು ಎಂಬ ಮಾತು ಬಂದಿರುವುದು.

ಮೀಟರಿನ ವಿಷಯದಲ್ಲಿ ನಾನು ಖಡಾಖಂಡಿತವಾಗಿದ್ದೆ. ಪಾರ್ಕಿಂಗಿನ ಲೈಟು ಮತ್ತು ಮೋಟಾರು ಇರುವ ನಮ್ಮ ಮೀಟರಿನಿಂದ ಕರೆಂಟು ಕೊಟ್ಟು, ತಿಂಗಳಿಗೆ ಇಂತಿಷ್ಟು ಎಂದು ಅಂದಾಜಿನಲ್ಲಿ ವಸೂಲು ಮಾಡುವುದು ಬೇಡ. ಅಂದಾಜಿನ ಲೆಕ್ಕದಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಅನ್ಯಾಯವಾಗಿಯೇ ಆಗುತ್ತದೆ, ಮೊದಲು ಕೆಡುವುದು ಮೆಟ್ಟಿಲಿನ ಮೇಲಿನ ನಗುಮುಖ. ಅವರ ಮಹಡಿಗೆ ಅವರದೇ ಮೀಟರಿದೆ, ಅಲ್ಲಿಂದಲೇ ಪೈಪಿನೊಳಗೆ ವೈರು ಇಳಿಯಲಿ.

ಆದರೆ ಅದರಲ್ಲೂ ಒಂದು ಗಂಟು. 2023ರ ಜುಲೈಯಿಂದ ಬಂದ ಗೃಹಜ್ಯೋತಿಯಲ್ಲಿ ಅವರಿಗೆ ಸೊನ್ನೆ ಬಿಲ್ಲು ಬರುತ್ತಿತ್ತು. ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ನಾನೂ ಆಕೆಯೂ ಪುಸ್ತಕ ಹಿಡಿದು ಕುಳಿತೆವು. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಎಂದು ಹಿಡಿದರೆ, ತಿಂಗಳಿಗೆ 1,250 ಕಿಲೋಮೀಟರಿಗೆ ಹತ್ತಿರ ಹತ್ತಿರ 180 ಯೂನಿಟ್. ಮನೆಯ ಖರ್ಚು 90. ಅಲ್ಲಿಗೆ ಸೊನ್ನೆ ಬಿಲ್ಲು ಹೋಯಿತು. "ಅಯ್ಯೋ, ಫ್ರೀ ಹೋಗುತ್ತಲ್ಲಾ ಅಕ್ಕಾ" ಎಂದಳು. ಹಳೆಯ ಕಾರಿನ ಪೆಟ್ರೋಲಿಗೆ ತಿಂಗಳಿಗೆ ಎಂಟು ಸಾವಿರ ದಾಟುತ್ತಿತ್ತೆಂದು ಅದೇ ಪುಟದಲ್ಲಿ ಬರೆದ ಮೇಲೆ ಸುಮ್ಮನಾದಳು.

ಬೆಸ್ಕಾಂಗೆ ಲೋಡ್ ಹೆಚ್ಚಿಸುವ ಅರ್ಜಿ ಕೊಡಬೇಕಿತ್ತು. ಕಾರೊಂದೇ ಸುಮಾರು ಮೂರು ಕಿಲೋವ್ಯಾಟ್ ಎಳೆಯುತ್ತದೆ. ಮೀಟರು ಮಾಲೀಕರ ಹೆಸರಿನಲ್ಲಿರುವುದರಿಂದ ಸಹಿ ನಮ್ಮವರದೇ. ವೈರಿಂಗ್ ಖರ್ಚು ಅವರದು, ಎರಡು ವರ್ಷದೊಳಗೆ ಮನೆ ಬಿಟ್ಟರೆ ಅದರಲ್ಲಿ ಅರ್ಧ ನಾವು ಹಿಂದಿರುಗಿಸುವುದು ಎಂದು ಕರಾರು ಪತ್ರದ ಹಿಂದೆ ನಾನೇ ಬರೆದು ಎರಡೂ ಕಡೆಯ ಸಹಿ ಹಾಕಿಸಿದೆ. "ಇಷ್ಟಕ್ಕೂ ಬರೆಯಬೇಕಾ?" ಎಂದರು ಪತಿ. ಕೊಡುಕೊಳ್ಳುವಿಕೆಯನ್ನು ಬರೆದಿಡಬೇಕೆಂದು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುವವಳು ಮನೆಯಲ್ಲಿ ಬರೆಯದಿದ್ದರೆ ಹೇಗೆ?

ಎಲೆಕ್ಟ್ರಿಷಿಯನ್ ಬಂದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಇಸ್ತ್ರಿ ಪೆಟ್ಟಿಗೆಯೂ ಗೀಸರೂ ಸ್ವಲ್ಪ ಹೊತ್ತು ಉರಿದು ತಾವೇ ಆರಿಕೊಳ್ಳುತ್ತವೆ. ಕಾರು ಹಾಗಲ್ಲ, ರಾತ್ರಿಯಿಡೀ ಒಂದೇ ಸಮ ಎಳೆಯುತ್ತದೆ. ಸಡಿಲವಾದ ಸಾಕೆಟ್ಟಾದರೆ ಬಿಸಿಯಾಗಿ ಕರಗುತ್ತದೆ. ಆದ್ದರಿಂದ ದಪ್ಪ ತಾಮ್ರದ ಪ್ರತ್ಯೇಕ ವೈರು, ಅದಕ್ಕೇ ಒಂದು ಎಂಸಿಬಿ, ಶಾಕ್ ತಗಲಿದರೆ ಕ್ಷಣದಲ್ಲಿ ಕರೆಂಟು ಕಡಿಯುವ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಖಂಡಿತ ಕೂಡದು. ನಮ್ಮದೇ ಬೀದಿಯಲ್ಲಿ ಕಿಟಕಿಯಿಂದ ವೈರು ಇಳಿಬಿಟ್ಟು, ಮಕ್ಕಳು ಓಡಾಡುವ ದಾರಿಗೆ ಅಡ್ಡಲಾಗಿ ಎಳೆದಿರುವುದನ್ನು ಕಂಡಿದ್ದೇನೆ. ನೋಡಿದರೇ ಎದೆ ಝಲ್ಲೆನ್ನುತ್ತದೆ. ಮಳೆ ಜೋರಾದರೆ ನಮ್ಮ ಬೀದಿಯ ನೀರು ಗೇಟಿನೊಳಗೆ ಬರುವುದುಂಟು, ಅದಕ್ಕಾಗಿ ಪ್ಲಗ್ಗನ್ನು ನನ್ನ ಎದೆಯೆತ್ತರಕ್ಕೆ ಇರಿಸಿದೆವು.

ಎಲ್ಲ ಆದ ಮೇಲೆ ಕಾರಿನೊಂದಿಗೆ ಬಂದ ಚಾರ್ಜರಿನಲ್ಲಿ ಕೆಂಪು ದೀಪ! ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಕರೆಂಟನ್ನೇ ತೆಗೆದುಕೊಳ್ಳುವುದಿಲ್ಲವಂತೆ. ಮನೆ ಕಟ್ಟಿದಾಗ ತೋಡಿದ ಅರ್ಥಿಂಗ್ ಗುಂಡಿ ಒಣಗಿ ಕಲ್ಲಾಗಿತ್ತು. ಅಂದರೆ ಇಷ್ಟು ವರ್ಷ ನಮ್ಮ ಫ್ರಿಜ್ಜು, ವಾಷಿಂಗ್ ಮೆಷಿನ್ನು, ಗೀಸರುಗಳೆಲ್ಲ ನಂಬಿದ್ದು ಆ ಒಣ ಗುಂಡಿಯನ್ನು! ಕಾರು ಬಾರದಿದ್ದರೆ ನಮಗೆ ಇದು ತಿಳಿಯುತ್ತಲೂ ಇರಲಿಲ್ಲ. ಹೊಸದಾಗಿ ಇದ್ದಿಲು, ಉಪ್ಪು ತುಂಬಿಸಿದ್ದಾಯಿತು. ಇದರ ಖರ್ಚು ನಮ್ಮದೇ. ಓದುಗ ಸಹೋದರಿಯರು ಕಾರು ಕೊಳ್ಳಲಿ ಬಿಡಲಿ, ಇದೊಂದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮೊದಲ ತಿಂಗಳ ಬಿಲ್ಲು ಎರಡೂವರೆ ಸಾವಿರದ ಹತ್ತಿರ ಬಂತು. ಆಕೆ ಅದನ್ನು ಹಿಡಿದುಕೊಂಡೇ ಕೆಳಗೆ ಬಂದು ತೋರಿಸಿದಳು. ಮೋಟಾರು ಎಂದಿನಂತೆ ಓಡುತ್ತಿದೆ. ಅರ್ಥಿಂಗ್ ಗುಂಡಿಗೆ ನೀರು ಹಾಕುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡಿದ್ದಾರೆ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಕೊಡ. ಈಗ ಎರಡನೇ ಮಹಡಿಯ ಹುಡುಗ ಸ್ಕೂಟರಿಗೆ ಒಂದು ಪಾಯಿಂಟ್ ಕೇಳಿದ್ದಾನೆ. ಅವನ ಮೀಟರಿನಿಂದ ವೈರು ಇಳಿಸಲು ಗೋಡೆಯಲ್ಲಿ ಜಾಗ ಎಲ್ಲಿದೆ ಎಂದು ಪತಿ ಟೇಪು ಹಿಡಿದು ಅಳೆಯುತ್ತಿದ್ದಾರೆ.