ಒಂದು ತಂತಿಯ ಪ್ರಸಂಗ

ಮನೆತನದಲ್ಲಿ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನ ಪಾಡು ಹೇಳತೀರದು. ಬ್ಯಾಂಕಿನ ಚೀಟಿ, ಔಷಧದ ಹೆಸರು, ಕೆಟ್ಟ ಮೊಬೈಲು ಎಲ್ಲವೂ ಅವನ ಮುಂದೆಯೇ ಬಂದು ಬೀಳುತ್ತವೆ. “ಬಿ.ಎ. ಓದ್ತಾನ, ಇದು ಬರಂಗಿಲ್ಲೇನು?” ಎಂದುಬಿಟ್ಟರೆ ತೀರಿತು. ನಾನು ಓದುವುದು ಇತಿಹಾಸ, ಅರ್ಥಶಾಸ್ತ್ರ ಎಂದು ಕುರುಗೋಡಿನ ನಮ್ಮ ಓಣಿಗೆ ತಿಳಿಯಹೇಳುವವರು ಯಾರು?

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಸೋದರಮಾವ ತಮ್ಮ ಹಳೆಯ ಹೋಂ ಥಿಯೇಟರ್ ರಿಸೀವರನ್ನು ಸ್ಪೀಕರುಗಳ ಸಮೇತ ನಮಗೆ ಕೊಟ್ಟುಹೋದರು. ಅದಕ್ಕೊಂದು ಕೆಲಸವೂ ಕಾದಿತ್ತು. ನಮ್ಮ ತಾತ ಬಯಲಾಟದಲ್ಲಿ ದುರ್ಯೋಧನನ ವೇಷ ಕಟ್ಟುತ್ತಿದ್ದವರು. ತೀರಿಕೊಳ್ಳುವ ಹಿಂದಿನ ವರ್ಷ ಅವರು ಕುಣಿದ ಆಟವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು, ಅದು ಪೆನ್‌ಡ್ರೈವಿನಲ್ಲಿತ್ತು. ಅಜ್ಜಿಗೆ ಕಿವಿ ಮಂದ. ಟಿ.ವಿ.ಯ ಸಣ್ಣ ದನಿ ಅವರಿಗೆ ಮುಟ್ಟದು. ದೊಡ್ಡ ಸ್ಪೀಕರಿನಲ್ಲಾದರೂ ಗಂಡನ ಮಾತು ಕೇಳೀತೆಂದು ಸಂಜೆಯಿಂದಲೇ ಚಾಪೆ ಹಾಸಿ ಕುಳಿತರು.

ಎಚ್.ಡಿ.ಎಂ.ಐ. ತಂತಿಯನ್ನು ಎರಡೂ ಕಡೆ ಸಿಕ್ಕಿಸಿ, ಪೆನ್‌ಡ್ರೈವನ್ನು ಟಿ.ವಿ.ಗೆ ಹಾಕಿದೆ. ತಾತ ಗದೆ ಎತ್ತಿದರು, ಬಾಯಿ ತೆರೆದರು, ಧ್ವನಿಯೇ ಇಲ್ಲ! ಚಿತ್ರ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುವುದು 2002ರಲ್ಲಿ ಹೊರಬಂದ ಈ ಏರ್ಪಾಡಿನ ಹೆಗ್ಗಳಿಕೆ. ಅದರ 19 ಪಿನ್ನುಗಳೂ ಸೇರಿ ನನ್ನನ್ನು ಅಣಕಿಸಿದಂತಾಯಿತು. ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ಇದ್ದ ಚಿತ್ರವೂ ಹೋಯಿತು.

“ಒಂದೊಂದ ನೋಡಪ,” ಎಂದರು ಅಪ್ಪ.

“ನಿನಗಿದು ತಿಳಿಯಂಗಿಲ್ಲ, ಸುಮ್ನಿರು,” ಎಂದೆ.

ಅಪ್ಪ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು. ಮೆಣಸಿನಕಾಯಿ ಹೊಲಗಳ ಪಂಪ್‌ಸೆಟ್ಟು ರಿಪೇರಿ ಮಾಡಿ ನನ್ನ ಫೀಜು ಕಟ್ಟುವವರು. ಅವರು ಮರುಮಾತಾಡಲಿಲ್ಲ. ಅಜ್ಜಿ ಚಾಪೆ ಸುತ್ತಿಟ್ಟರು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬೆಳಿಗ್ಗೆ, “ಮೋಟರು ನೀರು ಎತ್ತದಿದ್ರೆ ಏನು ಮಾಡ್ತಿ ಅಪ್ಪಾ?” ಎಂದು ಕೇಳಿದೆ.

“ಎಲ್ಲಾ ಒಮ್ಮೆಗೇ ಬಿಚ್ಚಬಾರದು. ಮೊದಲು ಕರೆಂಟು, ಆಮ್ಯಾಲೆ ಸ್ಟಾರ್ಟರು, ಆಮ್ಯಾಲೆ ಫುಟ್‌ವಾಲು. ಯಾವುದು ಸರಿ ಐತಿ ಅಂತ ಗೊತ್ತಾದ್ರೆ ಕೆಟ್ಟದ್ದು ತಾನೇ ಸಿಗತೈತಿ.”

ಹಾಗೆಯೇ ಮಾಡಿದೆವು. ಧ್ವನಿಯನ್ನು ಟಿ.ವಿ.ಯ ಸ್ವಂತ ಸ್ಪೀಕರಿಗೆ ತಿರುಗಿಸಿದರೆ ತಾತನ ಮಾತು ಬಂತು. ಅಂದರೆ ಪೆನ್‌ಡ್ರೈವು ಸರಿ. ಸೆಟ್‌ಟಾಪ್ ಪೆಟ್ಟಿಗೆಯನ್ನು ರಿಸೀವರಿಗೆ ಜೋಡಿಸಿದರೆ ದೊಡ್ಡ ಸ್ಪೀಕರುಗಳು ಗರ್ಜಿಸಿದವು, ರಿಸೀವರೂ ಸರಿ. ಹಾಗಾದರೆ ತೊಡಕು ಎಲ್ಲಿ? ಪೆನ್‌ಡ್ರೈವು ಇದ್ದದ್ದು ಟಿ.ವಿ.ಯಲ್ಲಿ. ಅಲ್ಲಿಂದ ಧ್ವನಿ ರಿಸೀವರಿಗೆ ಹಿಂದಿರುಗಿ ಬರಬೇಕು. ಆ ಹಿಮ್ಮುಖದ ದಾರಿಯ ಹೆಸರು ಎ.ಆರ್.ಸಿ.; 2009ರಲ್ಲಿ ಸೇರಿದ್ದು. ಎಲ್ಲ ಕಿಂಡಿಗಳಿಗೂ ಆ ಭಾಗ್ಯವಿಲ್ಲ. ಅಪ್ಪ ಟಿ.ವಿ.ಯ ಬೆನ್ನಿಗೆ ಬ್ಯಾಟರಿ ಬೆಳಕು ಹಿಡಿದರು. ಮೂರು ಕಿಂಡಿಗಳಲ್ಲಿ ಒಂದರ ಬಳಿ ಮಾತ್ರ ಆ ಮೂರಕ್ಷರಗಳಿದ್ದವು. ತಂತಿ ಪಕ್ಕದ ಕಿಂಡಿಯಲ್ಲಿತ್ತು!

ಬದಲಿಸಿದರೂ ಮೌನವೇ. ಯಂತ್ರಗಳು ಒಂದನ್ನೊಂದು ಮಾತನಾಡಿಸುವ ಸಿ.ಇ.ಸಿ. ಎಂಬ ಏರ್ಪಾಡನ್ನು ಎರಡರಲ್ಲೂ ಚಾಲೂ ಮಾಡಿದೆವು. ಪ್ಲಗ್ಗುಗಳನ್ನು ಕಿತ್ತು ಎರಡು ನಿಮಿಷ ಬಿಟ್ಟು, ಮೊದಲು ಟಿ.ವಿ., ಆಮೇಲೆ ರಿಸೀವರು ಹಚ್ಚಿದೆವು. ಎಚ್.ಡಿ.ಎಂ.ಐ. ಯಂತ್ರಗಳು ಮೊದಲು ಪರಸ್ಪರ ಪರಿಚಯ ಮಾಡಿಕೊಳ್ಳುತ್ತವೆ. ಪರಿಚಯ ಕೆಟ್ಟರೆ ಚಿತ್ರವೋ ಧ್ವನಿಯೋ ನಿಲ್ಲುತ್ತದೆ. ಈ ಸಲ ಮದ್ದಳೆಯ ಪೆಟ್ಟು ಗೋಡೆಗೆ ಬಡಿಯಿತು. ಅದರ ಹಿಂದೆಯೇ ತಾತ!

ಅಜ್ಜಿ ಬಹಳ ಹೊತ್ತು ಕೇಳಿದರು. ಕೊನೆಗೆ, “ಆವತ್ತು ಅವರಿಗೆ ಗಂಟಲು ಕಟ್ಟಿತ್ತು,” ಎಂದಷ್ಟೇ ಹೇಳಿದರು.

ಮಿತ್ರರೇ, ಪದವಿ ಪತ್ರ ಇನ್ನು ಕೆಲವು ತಿಂಗಳಲ್ಲಿ ಕೈಗೆ ಬಂದೀತು. ಆದರೆ “ನಿನಗಿದು ತಿಳಿಯಂಗಿಲ್ಲ” ಎಂದದ್ದಕ್ಕೆ ನಾನು ಅಪ್ಪನ ಕ್ಷಮೆಯನ್ನು ಇನ್ನೂ ಕೇಳಿಲ್ಲ. ಈ ಸಂಚಿಕೆ ಅಚ್ಚಾಗಿ ಬಂದ ದಿನ ಈ ಪುಟವನ್ನು ಅವರ ಮುಂದೆ ಓದುವವನಿದ್ದೇನೆ.