ಬಕ್ಕು ಭಾವ, ಬಕ್ಕು

ಪೆರ್ಲದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಫೋನಿಗೆ ಕೇರಳದ ಟವರು ಸಿಗುತ್ತದೆ, ಎದ್ದು ಬಾವಿಕಟ್ಟೆಯ ಹತ್ತಿರ ಹೋದರೆ ಕರ್ನಾಟಕದ್ದು. ಈಗ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ರೋಮಿಂಗಿಗೆ ದುಡ್ಡು ಕೊಡುತ್ತಿದ್ದ ಕಾಲ ನಿಮಗೆ ನೆನಪಿರಬೇಕಲ್ಲ? ವಿಟ್ಲದ ಅತ್ತಿಗೆಗೆ ಫೋನು ಮಾಡುವ ಮೊದಲು ನಾನು ಯಾವ ರಾಜ್ಯದಲ್ಲಿ ನಿಂತಿದ್ದೇನೆ ಎಂದು ನೋಡಿಕೊಳ್ಳಬೇಕಿತ್ತು. ‘ಪೋರ್ಟ್’ ಎಂಬ ಮಾತು ನಮ್ಮೂರಿನ ಬಾಯಿಗೆ ಬಂದದ್ದೂ ಆಗಲೇ, 2011ರ ಜನವರಿಯಲ್ಲಿ. ನಂಬರು ಅದೇ, ಕಂಪನಿ ಬೇರೆ. ಅದೇ ನಂಬರನ್ನು ಬೇರೆ ರಾಜ್ಯದ ವೃತ್ತಕ್ಕೂ ಒಯ್ಯಬಹುದು ಎಂದಾಗಲು 2015ರ ಜುಲೈ ಬರಬೇಕಾಯಿತು. ಮನೆ, ತೋಟ, ಬಾವಿ ಎಲ್ಲ ಇದ್ದಲ್ಲೇ ಇದ್ದು, 1956ರ ನವೆಂಬರ್ 1ರ ಬೆಳಗ್ಗೆ ರಾಜ್ಯವೇ ಬೇರೆಯಾಗಿದ್ದ ಊರಿನವರಿಗೆ ಇಂಥ ವಿಷಯಗಳಲ್ಲಿ ಕಿವಿ ಸ್ವಲ್ಪ ಚುರುಕು.

ಹೇಳಹೊರಟದ್ದು ಬಾಯಾರಿನ ಭಾವನ ಫೋನಿನ ಕತೆ. 2013ರಲ್ಲಿ ಅವರು ಮಂಗಳೂರಿಗೆ ಹೋದವರು ಲೂಮಿಯಾ 520 ತಂದರು. ಹಿಂಬದಿ ಹಳದಿ, ಸರಿಯಾಗಿ ಹಣ್ಣಡಕೆಯ ಬಣ್ಣ. ಒಳಗೆ ವಿಂಡೋಸ್ ಫೋನ್. ಚೌಕ ಚೌಕ ಬಿಲ್ಲೆಗಳು, ಒಂದೊಂದೂ ತನ್ನಷ್ಟಕ್ಕೆ ಮಗುಚಿಕೊಂಡು ಸುದ್ದಿ ಹೇಳುವವು. ಎಷ್ಟು ಚಂದದ ಫೋನು ಎನ್ನುತ್ತೀರಿ! ಕಡಿಮೆ ಬೆಲೆಯದಾದರೂ ತಡವರಿಸದೆ ಓಡುತ್ತಿತ್ತು. ಇಂದಿಗೂ ನನಗೆ ಅದರ ಮೇಲೆ ಪ್ರೀತಿ.

ಆದರೆ ಮದುವೆ ಮನೆಯಲ್ಲೋ ತಾಳಮದ್ದಳೆಯಲ್ಲೋ ನಾಲ್ಕು ಜನ ಸೇರಿದರೆ ಪ್ರಶ್ನೆ ಒಂದೇ. “ಭಾವ, ನಿಂಗಳ ಫೋನಿಲಿ ಆ ಆಪು ಇದ್ದಾ?”

“ಇಲ್ಲೆ ಭಾವ. ಬಕ್ಕು.”

ಹವ್ಯಕರ ಈ ‘ಬಕ್ಕು’ ಎಷ್ಟು ಹದವಾದ ಮಾತು ನೋಡಿ. ಬಂದೇ ಬರುತ್ತದೆ ಎಂಬ ಹಠ ಅದರಲ್ಲಿಲ್ಲ, ಬರಲಿಕ್ಕಿಲ್ಲ ಎಂಬ ಸೋಲೂ ಇಲ್ಲ. ಬರಬಹುದು, ನಾವು ಇಲ್ಲೇ ಇರುತ್ತೇವೆ. ಭಾವನ ಬ್ಯಾಂಕು ಆಪು ತಂದಿತು, ಆಂಡ್ರಾಯ್ಡಿಗೆ ಮತ್ತು ಐಫೋನಿಗೆ ಮಾತ್ರ. ಬಕ್ಕು. ಅಳಿಯ ಬೆಂಗಳೂರಿನಿಂದ ಕಳಿಸಿದ ಆಟದ ಕೊಂಡಿಯೂ ತೆರೆಯಲಿಲ್ಲ. ಬಕ್ಕು.

ಯಾಕೆ ಬರುವುದಿಲ್ಲ ಎಂದು ಒಂದು ಮಳೆಗಾಲ ಅಳಿಯನೇ ಜಗಲಿಯಲ್ಲಿ ಕೂತು ಬಿಡಿಸಿ ಹೇಳಿದ. ಆಂಡ್ರಾಯ್ಡಿನ ಆಪು ಬರೆಯುವುದು ಜಾವಾದಲ್ಲಿ, ಐಫೋನಿನದ್ದು ಆಬ್ಜೆಕ್ಟಿವ್-ಸಿಯಲ್ಲಿ, ವಿಂಡೋಸ್ ಫೋನಿನದ್ದು ಸಿ-ಶಾರ್ಪಿನಲ್ಲಿ. ಒಂದನ್ನು ಇನ್ನೊಂದಕ್ಕೆ ತರುವುದೆಂದರೆ ಬರೀ ಲಿಪಿ ಬದಲಿಸುವ ಕೆಲಸವಲ್ಲ, ಹೊಸದಾಗಿ ಅನುವಾದವೇ ಮಾಡಬೇಕು. ಗುಂಡಿ ಎಲ್ಲಿ, ಪುಟ ಹೇಗೆ ಸರಿಯಬೇಕು ಎಂಬುದೂ ಬೇರೆ. ಇಷ್ಟೆಲ್ಲ ಮಾಡಿದ ಮೇಲೆ ಬಳಸುವವರು ಎಷ್ಟು? ನೂರಕ್ಕೆ ಮೂರೋ ನಾಲ್ಕೋ. ಜನ ಕಡಿಮೆಯೆಂದು ಆಪು ಬರುವುದಿಲ್ಲ, ಆಪು ಇಲ್ಲವೆಂದು ಜನ ಬಿಟ್ಟು ಹೋಗುತ್ತಾರೆ.

ಅವನು ಇಷ್ಟು ಹೇಳಿದ್ದೇ ತಡ, ಭಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. “ಇದು ನಮ್ಮ ಅರ್ಜಿ ಫಾರ್ಮಿನ ಕತೆಯೇ ಅಲ್ಲದಾ?” ಅಂದರು. ನಿಜವೇ. ಕಚೇರಿಗೆ ಹೋಗಿ ಕನ್ನಡದ ಫಾರ್ಮು ಉಂಟಾ ಎಂದು ಕೇಳುವವರು ಕಡಿಮೆಯಾದರೆ ಅಚ್ಚು ಹಾಕುವುದು ನಿಲ್ಲುತ್ತದೆ. ಫಾರ್ಮು ಸಿಗದಿದ್ದರೆ ಕೇಳುವವರು ಇನ್ನೂ ಕಡಿಮೆ. ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಯಾರಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡವರು ಈ ಗಂಟು ಬಿಚ್ಚಲು ಮಾಡದ ಪ್ರಯತ್ನವಿಲ್ಲ. 2013ರ ಜನವರಿಯಲ್ಲಿ, ಬ್ಲ್ಯಾಕ್‌ಬೆರಿ 10 ಹೊರಬರುವ ಮೊದಲು, ಆಪು ತಂದುಕೊಟ್ಟವರಿಗೆ ಒಂದೊಂದಕ್ಕೆ 100 ಡಾಲರ್ ಎಂದು ಆ ಕಂಪನಿ ಸಾರಿತು. ಒಂದೂವರೆ ದಿನದಲ್ಲಿ ಸುಮಾರು 15,000 ಆಪು ಬಂದು ಬಿದ್ದವು. ಅದರಲ್ಲಿ ಬಹಳಷ್ಟು ಆಂಡ್ರಾಯ್ಡಿನದ್ದನ್ನೇ ಪೊಟ್ಟಣ ಬದಲಿಸಿ ಕೊಟ್ಟದ್ದು. ಸಂಖ್ಯೆ ಬಂತು, ಜನರಿಗೆ ಬೇಕಾದ ದೊಡ್ಡ ಆಪುಗಳು ಅನೇಕ ಬರಲೇ ಇಲ್ಲ. ಮೈಕ್ರೋಸಾಫ್ಟ್ ಯೂಟ್ಯೂಬಿನ ಆಪನ್ನು ತಾನೇ ಬರೆಯಿತು. ಅದೇ ವರ್ಷ ಗೂಗಲ್ ಅದನ್ನು ತಡೆಯಿತು. 2015ರಲ್ಲಿ ‘ಆಸ್ಟೋರಿಯಾ’ ಎಂಬ ಸೇತುವೆಯ ಮಾತು ಬಂತು, ಆಂಡ್ರಾಯ್ಡಿನ ಆಪು ನೇರವಾಗಿ ವಿಂಡೋಸ್ ಫೋನಿಗೆ ದಾಟುವಂತೆ. 2016ರ ಫೆಬ್ರವರಿಯಲ್ಲಿ ಆ ಸೇತುವೆ ಕಟ್ಟುವುದನ್ನೇ ಕೈಬಿಟ್ಟರು.

ಈ ನಡುವೆ ನನಗೆ ಇಷ್ಟವಾದವರು ಒಬ್ಬರೇ, ಫ್ರಾನ್ಸಿನ ರೂಡಿ ಹುಯಿನ್. ಇನ್‌ಸ್ಟಾಗ್ರಾಮ್ ವಿಂಡೋಸ್ ಫೋನಿಗೆ ಬಾರದಿದ್ದಾಗ ‘6ಟ್ಯಾಗ್’ ಎಂದು ತಾವೇ ಒಂದನ್ನು ಬರೆದರು, ಸ್ನ್ಯಾಪ್‌ಚಾಟ್ ಇಲ್ಲದಿದ್ದಾಗ ‘6ಸ್ನ್ಯಾಪ್’. ಕಂಪನಿಗಳು ಲೆಕ್ಕ ಹಾಕುತ್ತಿದ್ದಾಗ ಒಬ್ಬ ಮನುಷ್ಯ ಕೂತು ಬರೆದುಬಿಟ್ಟರು.

ಅಂಥವರು ನಮ್ಮಲ್ಲಿಲ್ಲವೇ? ಭಾವನ ಊರಿನವರೇ ಒಬ್ಬರಿದ್ದರು, ಬಾಯಾರಿನ ಸಂಕಯ್ಯ ಭಾಗವತರು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಕನ್ನಡದಲ್ಲಿ ಮನೆಮಾತಾಗಿದ್ದ ಕಾಲದಲ್ಲಿ, ಪಂಚವಟಿಯನ್ನೂ ವಾಲಿಸುಗ್ರೀವರ ಕಾಳಗವನ್ನೂ ತುಳುವಿಗೆ ತಂದರು. 1887ರಲ್ಲಿ ಅದು ಅಚ್ಚಾಯಿತು. ಯೋಚಿಸಿ ನೋಡಿ: ತಾಳ ಮುರಿಯಬಾರದು, ಪ್ರಾಸ ಬೀಳಬಾರದು, ವಾಲಿ ತುಳುವಿನಲ್ಲಿ ಸಿಟ್ಟಾದರೂ ವಾಲಿಯಾಗಿಯೇ ಇರಬೇಕು. ಅಚ್ಚು ಹಾಕಿದರೆ ಕೊಳ್ಳುವವರು ಎಷ್ಟು ಜನ ಎಂದು ಅವರು ಮೊದಲು ಎಣಿಸಿದ್ದರೆ ಕೆಲಸ ಶುರುವಾಗುತ್ತಿತ್ತೇ?

ಭಾವನಿಗೆ ಈ ‘ತರುವ’ ಕೆಲಸ ಕೈಯಲ್ಲೇ ಇದೆ, ಬೇರೆ ರೀತಿಯಲ್ಲಿ. ಒಳ್ಳೆಮೆಣಸಿನ ಬಳ್ಳಿಗೆ ನಮ್ಮ ಮಳೆಯಲ್ಲಿ ಸೊರಗು ರೋಗದ ಕಾಟ. ಬುಡ ಕೊಳೆತು ವಾರದಲ್ಲಿ ಬಳ್ಳಿಯೇ ಹೋಗುತ್ತದೆ. ಅದಕ್ಕೆ ದಕ್ಷಿಣ ಅಮೆರಿಕದಿಂದ ಬಂದ ಕಾಡು ಹಿಪ್ಪಲಿಯ ಬುಡ. ನೀರು ನಿಂತರೂ ಅದಕ್ಕೆ ರೋಗ ತಾಗುವುದು ಅಪರೂಪ. ಅದರ ಕಾಂಡ ಸೀಳಿ, ಪಣಿಯೂರೋ ಕರಿಮುಂಡವೋ ಇಷ್ಟದ ಕುಡಿಯನ್ನು ಬೆಣೆಯಂತೆ ಚೂಪು ಮಾಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ತೊಟ್ಟೆ ಮುಚ್ಚಬೇಕು. ಬುಡ ಒಂದು ದೇಶದ್ದು, ಕಾಳು ನಮ್ಮದು. ಆದರೆ ಬೇಸಿಗೆಯಲ್ಲಿ ಹಿಪ್ಪಲಿಗೆ ನೀರು ತಪ್ಪಬಾರದು. ಕೆಲವು ಕಸಿಗಳು ನಾಲ್ಕಾರು ವರ್ಷ ಚೆನ್ನಾಗಿ ಫಸಲು ಕೊಟ್ಟು ಆಮೇಲೆ ಇದ್ದಕ್ಕಿದ್ದಂತೆ ಒಣಗುವುದೂ ಉಂಟು, ಬುಡಕ್ಕೂ ಕುಡಿಗೂ ಒಳಗೊಳಗೇ ಒಗ್ಗದೆ. ಬ್ಲ್ಯಾಕ್‌ಬೆರಿಯ ಕತೆ ಹೇಳಿದಾಗ ಭಾವ ಕೇಳಿದ್ದು ಇಷ್ಟೇ: “ಕಟ್ಟಿದ ಮೇಲೆ ನೀರು ಹಾಕಿದವೋ?”

2019ರ ಡಿಸೆಂಬರ್ 31ಕ್ಕೆ ವಿಂಡೋಸ್ ಫೋನಿನಲ್ಲಿ ವಾಟ್ಸಾಪ್ ನಿಂತಿತು. ಭಾವ ಅಷ್ಟರಲ್ಲಿ ಆಂಡ್ರಾಯ್ಡಿಗೆ ಬಂದಾಗಿತ್ತು. ಆಂಡ್ರಾಯ್ಡಾದರೂ ನಮ್ಮನ್ನು ಮೊದಲೇ ಕರೆದದ್ದೇ? ಕನ್ನಡದ ಅಕ್ಷರ ಅದರೊಳಗೆ ಬಂದದ್ದು 2012ರಲ್ಲಿ, ಜೆಲ್ಲಿಬೀನ್ ಎಂಬ ಆವೃತ್ತಿಯಲ್ಲಿ, ಮಲಯಾಳ ಮತ್ತು ತೆಲುಗಿನ ಜೊತೆ. ಅದಕ್ಕೆ ಮೊದಲು ಎಲ್ಲ ಚೌಕ ಡಬ್ಬಿಗಳೇ. ಒಪೆರಾ ಮಿನಿಯ ವಿಳಾಸ ಪಟ್ಟಿಯಲ್ಲಿ ಗುಟ್ಟಿನ ಪದವೊಂದನ್ನು ಒತ್ತಿ, ಪಟ್ಟಿಯ ಕೊನೆಗೆ ಇಳಿದು, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬಲ್ಲಿ ‘ಹೌದು’ ಎಂದರೆ ಕನ್ನಡ ಮೂಡುತ್ತಿತ್ತು. ಈ ಉಪಾಯವನ್ನು ಒಬ್ಬರು ಇನ್ನೊಬ್ಬರಿಗೆ ಕಷಾಯದ ಪಾಕ ಹೇಳಿಕೊಟ್ಟ ಹಾಗೆ ಹೇಳಿಕೊಡುತ್ತಿದ್ದರು. ಮೊದಲ ಸಲ ಫೋನಿನಲ್ಲಿ ‘ಕಾಸರಗೋಡು’ ಎಂದು ಓದಿದ ದಿನ ನಾನು ಅದನ್ನು ಮನೆಯವರಿಗೆಲ್ಲ ತೋರಿಸಿ ಬಂದಿದ್ದೆ.

ಹಳದಿ ಫೋನು ಭಾವನ ಚಾವಡಿಯಲ್ಲಿ ಈಗಲೂ ಇದೆ. ಬೆಳಗ್ಗೆ ಐದಕ್ಕೆ ಅಲಾರಾಂ ಹೊಡೆಯುತ್ತದೆ, ಹಳೆಯ ತಾಳಮದ್ದಳೆಯ ನಾಲ್ಕಾರು ಪದ ಅದರೊಳಗಿವೆ.

ಓ, ಮಳೆ ಹೊಳವಾಯಿತು. ಭಾವ ಚೂರಿ, ಪಟ್ಟಿ ಹಿಡಿದುಕೊಂಡು ಅಂಗಳಕ್ಕೆ ಇಳಿದಾಗಿದೆ. ಹಿಪ್ಪಲಿ ಗಿಡ ಹತ್ತು ಕಾಯುತ್ತಿವೆ, ಒಬ್ಬರು ಕುಡಿ ಹಿಡಿಯಲಿಕ್ಕೆ ಬೇಕು. ನೀವು ಕೂತುಕೊಳ್ಳಿ, ಆಸರಿಂಗೆ ಬೆಲ್ಲ ನೀರು ಬರುತ್ತದೆ.