ಮೊಮ್ಮಗನ ಮೊಮ್ಮಗ

ಜಪಾನಿನ ಫುಜಿಕೊ ಎಫ್. ಫುಜಿಯೊ ಅವರು 1969ರಲ್ಲಿ ಆರಂಭಿಸಿದ ‘ಡೊರೇಮಾನ್’ ಚಿತ್ರಕಥೆ ಟೀವಿಯ ಮೂಲಕ ದಡ್ಡಿಯ ನಮ್ಮ ಮನೆಗೂ ಬಂದಿದೆ. ಅದರ ನೀಲಿ ಯಂತ್ರಬೆಕ್ಕು ಹುಟ್ಟುವುದೇ 2112ರಲ್ಲಿ! ಮಗಳು ನೋಡಲು ಕುಳಿತರೆ ನಾನೂ ಕೂಡುತ್ತೇನೆ. ಕವಿಗಳ ಕಾಲನಿರ್ಣಯವನ್ನು ಪಾಠ ಹೇಳುವವನಿಗೆ ತಪ್ಪು ಹುಡುಕುವ ಚಪಲ.

ಬಾಲಕ ನೊಬಿತಾ ಪುಸ್ತಕದಲ್ಲಿ ಹೆಚ್ಚಾಗಿ ನಾಲ್ಕನೆಯ ತರಗತಿ, ತೆರೆಯ ಮೇಲೆ ಐದನೆಯದು. ಬೇರೆಬೇರೆ ತರಗತಿಯ ಮಕ್ಕಳ ಪತ್ರಿಕೆಗಳಲ್ಲಿ ಏಕಕಾಲಕ್ಕೆ ಬಂದ ಕಥೆಗೆ ಅದು ಕ್ಷಮ್ಯವೆನ್ನೋಣ. ನಿಜವಾದ ತೊಡಕು ಮದುವೆಯದು. ಅವನ ಮೊಮ್ಮಗನ ಮೊಮ್ಮಗ ಸೆವಾಶಿ, ಮನೆತನದ ಬಡತನ ನೀಗಲೆಂದು ಬೆಕ್ಕನ್ನು ಹಿಂದಿನ ಕಾಲಕ್ಕೆ ಕರೆತರುತ್ತಾನೆ. ಅದರಿಂದ ನೊಬಿತಾ ಜೈಕೋಳ ಬದಲು ಶಿಜುಕಾಳನ್ನು ವರಿಸುವನು. ಆದರೂ ಸೆವಾಶಿ ಹುಟ್ಟಿಯೇ ಹುಟ್ಟುವನಂತೆ! ದಿಕ್ಕು ಸರಿಯಿದ್ದರೆ ಯಾವ ವಾಹನ ಹಿಡಿದರೂ ಒಸಾಕಾ ಸೇರಬಹುದೆಂಬುದು ಅವನ ಸಮಾಧಾನ.

“ನಾವು ಬೆಳಗಾವಿಗೆ ಬಸ್ಸಿನಾಗ ಹೋದ್ರೂ ಕಾರಿನಾಗ ಹೋದ್ರೂ ಮುಟ್ಟತೀವಲ್ಲ, ಹಂಗ” ಎಂದು ಮಗಳಿಗೆ ವಿವರಿಸಿದೆ.

“ಹಂಗಾರ ಅಪ್ಪಾ, ನೀ ಬ್ಯಾರೆಯಾಕೀನ ಮದಿವ್ಯಾಗಿದ್ರೂ ನಾನಽ ಹುಟ್ಟತಿದ್ನೇನು?”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತರಗತಿಯಲ್ಲಿ ಎಂದೂ ತಡವರಿಸದ ನಾನು ತಡವರಿಸಿದೆ.

“ಇಲ್ಲವ್ವಾ, ನಿಮ್ಮವ್ವ ಇರದಿದ್ರ ನೀನೂ ಇರತಿರಲಿಲ್ಲ.”

“ಹಂಗಾರ ಆ ಸೆವಾಶಿ ಹೇಳಿದ್ದು ಸುಳ್ಳು” ಎಂದು ತೀರ್ಪಿತ್ತವಳೇ ಎದ್ದು ಓಡಿ, ತಾಯಿಯ ಸೆರಗು ಹಿಡಿದಳು. ಕಾಲನಿರ್ಣಯದಲ್ಲಿ ಅವಳು ನನಗಿಂತ ಗಟ್ಟಿಗಳು. ರೊಟ್ಟಿಯ ಸದ್ದು ಮತ್ತೆ ಮೊದಲಾಯಿತು.